ಸ್ಲೈಡು ತಿಳಿಯಾಗುವ ಮುನ್ನ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.10

ಇವತ್ತು ಆಸ್ಪತ್ರೆಯ ಲ್ಯಾಬಿಗೆ ಇಪ್ಪತ್ತಾರು ಡಬ್ಬಿ. ಹದಿನೆಂಟು ಮುಗಿಸಿದೆ, ಎಂಟು ಬಾಕಿ. ಜಾಲರಿ ಒತ್ತಿ, ಮೇಲೆ ಬಂದದ್ದನ್ನು ಕೆರೆದು, ಗಾಜಿನ ಮೇಲಿಟ್ಟ ಅಚ್ಚಿನ ತೂತಿಗೆ ತುಂಬಿ, ಅಚ್ಚು ತೆಗೆದು, ಮೇಲೆ ಔಷಧಿಯಲ್ಲಿ ನೆನೆಸಿದ, ಬೆಳಕು ಹಾಯುವ ಹಸಿರು ಕಾಗದ ಹೊದಿಸಿ ಒತ್ತುವುದು. ಮಲ ಅಂದರೆ ಜನ ಮುಖ ಸಿಂಡರಿಸುತ್ತಾರೆ. ನನ್ನ ಮೂಗು ಸತ್ತು ಹದಿನಾಲ್ಕು ವರ್ಷವಾಯಿತು.

ಹನ್ನೊಂದು, ಹನ್ನೆರಡು ಅದಲುಬದಲಾಗಿಲ್ಲ ತಾನೆ? ಮುಚ್ಚಳ ನೋಡಿದೆ. ಸರಿ ಇದೆ. ಡಬ್ಬಿ ನೋಡಿದೆ. ಸರಿ ಇದೆ. ಗಾಜು ನೋಡಿದೆ. ಮತ್ತೆ ಮುಚ್ಚಳ...

ಟೆಕ್ನಿಷಿಯನ್ ಸಾರ್ ರಕ್ತದ ಟ್ಯೂಬುಗಳ ಹಿಂದಿನಿಂದಲೇ ಕೂಗಿದರು — "ಏನಯ್ಯಾ ಪುಕ್ಕಲಪ್ಪ, ಮುಚ್ಚಳಕ್ಕೊಂದು ನಂಬರು, ಡಬ್ಬಿಗೊಂದು ನಂಬರು. ನಿನ್ನ ಹಣೆಗೂ ಒಂದು ಬರ್ಕೊಂಡ್ಬಿಡು. ಸಂಜೆ ಬೇರೆ ಯಾರ ಮನೆಗಾದ್ರೂ ಹೋಗಿಬಿಟ್ಟೀಯ."

ನಕ್ಕೆ. ನಕ್ಕು, ಇನ್ನೊಂದು ಸಲ ಮುಚ್ಚಳ ನೋಡಿದೆ.

ಸಾರ್ ಬೆಳಿಗ್ಗೆ ಪೂರ್ತಿ ರಕ್ತ ನೋಡುತ್ತಾರೆ. ನನ್ನ ಸ್ಲೈಡುಗಳು ಟ್ರೇಯಲ್ಲಿ ಕಾಯುತ್ತವೆ. ಊಟ ಆಗಿ, ಬಾಯಿ ಮುಕ್ಕಳಿಸಿ, ಕನ್ನಡಕ ಒರೆಸಿಕೊಂಡು ಎರಡೂವರೆಗೆ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ. "ಆತುರ ಬೇಡ ಕಣೋ. ಕೂತಷ್ಟೂ ತಿಳಿಯಾಗುತ್ತೆ. ತಿಳಿಯಾದ್ಮೇಲೆ ಕನ್ನಡಿ." ನಿಜವೇ. ಬೆಳಿಗ್ಗೆ ಕೆಸರಿನಂತಿದ್ದದ್ದು ಮಧ್ಯಾಹ್ನಕ್ಕೆ ಬೆಳಕು ಹಾಯುವ ಹಾಗೆ ಆಗಿರುತ್ತದೆ. ಜಂತುಹುಳದ ಮೊಟ್ಟೆ ಕಂದು ಬಣ್ಣದಲ್ಲಿ ಎದ್ದು ಕಾಣುತ್ತದೆಯಂತೆ.

ಒಂದು ಮಾತು ಮಾತ್ರ ಹೆದರದೆ ಬರೆಯಬಲ್ಲೆ. ನಾನು ಒತ್ತಿದ ಸ್ಲೈಡಿನಲ್ಲಿ ಗಾಳಿಗುಳ್ಳೆ ಇರುವುದಿಲ್ಲ. ಏಳನೇ ಕ್ಲಾಸಿಗೆ ನಿಂತವನು. ಔಷಧಿ ಬಾಟಲಿಯ ಇಂಗ್ಲಿಷ್ ಅರ್ಧ ಓದುತ್ತೇನೆ, ಅರ್ಧ ಊಹಿಸುತ್ತೇನೆ. ಆದರೆ ಕೈ ಸುಳ್ಳು ಹೇಳುವುದಿಲ್ಲ.

ಅದೇ ದಿನ. ಸಂಜೆ 6.30

ಅಕ್ಕ ಬಂದಿದ್ದಳು. ಮೂರು ಮೆಟ್ಟಿಲು ಹತ್ತಬೇಕು ನಮ್ಮ ಮನೆಗೆ. ಎರಡನೆಯದರ ಮೇಲೆ ಕೂತುಬಿಟ್ಟಳು. ಎದೆ ಹಾರುವುದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು.

"ಏನು ಹಾಗೆ ನೋಡ್ತೀಯ, ಸತ್ತವಳನ್ನ ನೋಡಿದ ಹಾಗೆ. ನೀರು ಕೊಡು."

ಕೊಟ್ಟೆ. ಲೋಟ ಹಿಡಿದ ಬೆರಳು ನೋಡಿದೆ. ಉಗುರು ಬಿಳಿಚಿ, ಚಮಚದಂತೆ ಒಳಕ್ಕೆ ಬಾಗಿವೆ. ನಾಲ್ಕು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೆ. ರಕ್ತದ ಹಿಮೋಗ್ಲೋಬಿನ್ 6.1. ಮೊದಲು 6.4 ಇತ್ತು. ಇರಬೇಕಾದದ್ದು ಹನ್ನೆರಡು. ಮಾತ್ರೆ ನುಂಗಿದರೂ ಇಳಿಯುತ್ತಿದೆ.

ಭಾವ ಸೋಂಬೇರಿತನ ಅನ್ನುತ್ತಾನಂತೆ. ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಮಣ್ಣು ತುಳಿದವಳು ಸೋಂಬೇರಿಯಂತೆ! ಅಪ್ಪ ತೀರಿಕೊಂಡ ವರ್ಷ ಆ ಕೆಲಸಕ್ಕೆ ಇಳಿದಳು, ತಮ್ಮ ಓದಲಿ ಅಂತ. ತಮ್ಮ ಏಳಕ್ಕೇ ನಿಂತ. ಲೆಕ್ಕದ ಮೇಷ್ಟರ ಭಯಕ್ಕೆ. ಒಂದು ದಿನವೂ ಅವಳು ಅದನ್ನು ಎತ್ತಿ ಆಡಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು.

ಮಾರ್ಚ್ 5, ಬುಧವಾರ. ಮಧ್ಯಾಹ್ನ 3.30

ಅಕ್ಕನ ಡಬ್ಬಿ, ನಂಬರ್ ಹದಿನೇಳು. ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಸ್ಲೈಡು. ಸಾರ್ ಈಗ ನೋಡಿ ಬರೆದರು — ಮೊಟ್ಟೆ ಕಂಡಿಲ್ಲ.

ಇದು ಮೂರನೇ ಸಲ. ಸಂತೋಷ ಪಡಬೇಕೋ ಏನೋ.

ಡಾಕ್ಟರಮ್ಮ ವರಾಂಡದಲ್ಲಿ ಸಿಕ್ಕರು. ನಿಂತೇ ಹೇಳಿದರು. "ಮೂರು ಸಲ ನೋಡಿದ್ವಿ, ಹುಳ ಇಲ್ಲ. ಆ ದಾರಿ ಬಿಡೋಣ. ಒಂದೋ ರಕ್ತ ಎಲ್ಲೋ ಸೋರ್ತಿದೆ, ಇಲ್ಲಾ ಮೈಯಲ್ಲಿ ತಯಾರೇ ಆಗ್ತಿಲ್ಲ. ಹದಿನೇಳನೇ ತಾರೀಕಿಗೆ ದೊಡ್ಡಾಸ್ಪತ್ರೆಗೆ ಬರೆದಿದ್ದೀನಿ. ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡ್ತಾರೆ."

"ಕ್ಯಾನ್ಸರಾ ಮೇಡಂ?"

"ನಾನು ಹಾಗಂದ್ನಾ?"

ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಮಾರ್ಚ್ 8, ಶನಿವಾರ. ಸಂಜೆ

ಕಾರ್ಖಾನೆಗೆ ಹೋಗಿದ್ದೆ, ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಲು. ಒಬ್ಬಳೇ ನಡೆದರೆ ದಾರಿಯಲ್ಲಿ ಬಿದ್ದರೆ? ಬಿದ್ದಾಗ ಯಾರೂ ಇಲ್ಲದಿದ್ದರೆ? ಲಾರಿ ಬಂದರೆ?

ಮಣ್ಣು ತುಳಿಯುವ ಹೊಂಡದ ಪಕ್ಕ ಗೋಡೆಗೆ ಸಾಲಾಗಿ ಮೊಳೆ. ಮೊಳೆಗೆ ಹದಿನಾಲ್ಕು ಜೊತೆ ರಬ್ಬರ್ ಬೂಟು. ಹೊಸವು, ಮಣ್ಣೇ ಮೆತ್ತಿಲ್ಲ. ಹೊಂಡದಲ್ಲಿ ಹದಿನಾಲ್ಕು ಜನ ಬರಿಗಾಲಲ್ಲಿ ತುಳಿಯುತ್ತಿದ್ದಾರೆ.

"ಬೂಟು ಯಾಕೆ ಹಾಕ್ಕೊಳ್ಳಲ್ಲ?" ಅಂದೆ.

ಅಕ್ಕನ ಪಕ್ಕದಲ್ಲಿ ತುಳಿಯುತ್ತಿದ್ದ ದಪ್ಪ ಹೆಂಗಸು ಬಿದ್ದುಬಿದ್ದು ನಕ್ಕಳು. ಮಾತಿಗೆ ಮುಂಚೆ ನಗುವ ಜಾತಿ. "ನೋಡೇ, ನಿನ್ನ ತಮ್ಮನಿಗೆ ಮಣ್ಣಿನ ಕೆಲಸ ಗೊತ್ತಿಲ್ಲ! ಕಲ್ಲು ಸಿಗೋದು ಅಂಗಾಲಿಗೆ ಕಣಪ್ಪ. ಒಂದು ಹರಳು ಉಳಿದ್ರೆ ಸುಟ್ಟಾಗ ಹೆಂಚು ಸೀಳುತ್ತೆ. ಆಗ ಮೇಸ್ತ್ರಿ ಬೂಟಿಗೆ ಬೈತಾನಾ, ನಮಗೆ ಬೈತಾನಾ?"

"ಇವಳ ಅಂಗಾಲು ಸಾಸಿವೆ ಕಾಳನ್ನೂ ಹುಡುಕುತ್ತೆ," ಅಂದಳು ಇನ್ನೊಬ್ಬಳು, ಅಕ್ಕನ ಕಡೆ ತೋರಿಸಿ. ಅಕ್ಕನ ಬಿಳಿಚಿದ ಮುಖದಲ್ಲೂ ಒಂದಿಷ್ಟು ಹೆಮ್ಮೆ.

ಪಾಯಿಖಾನೆ ಗೇಟಿನ ಹತ್ತಿರ ಇದೆ. ದೂರ. ಅಷ್ಟು ದೂರ ಹೋಗಿಬಂದರೆ ಮೇಸ್ತ್ರಿ ಗಡಿಯಾರ ನೋಡುತ್ತಾನೆ. ಹಾಗಾಗಿ ಎಲ್ಲರೂ ಶೆಡ್ಡಿನ ಹಿಂದಿನ ದಿಬ್ಬಕ್ಕೆ ಹೋಗುತ್ತಾರೆ. ಆ ದಿಬ್ಬದ ಮಣ್ಣನ್ನೇ ಅಗೆದು ತಂದು ಹೊಂಡಕ್ಕೆ ಸುರಿಯುತ್ತಾರೆ.

ಮನೆಗೆ ಬಂದು ಕೂತ ಮೇಲೆ ಲ್ಯಾಬಿನ ಗೋಡೆಯ ಚಿತ್ರ ನೆನಪಾಯಿತು. ಕೊಕ್ಕೆಹುಳು. ಹಸಿ ಮಣ್ಣಿನಲ್ಲಿ ಮರಿಯಾಗಿ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅಕ್ಕನ ಕಾಲ್ಬೆರಳ ಸಂದಿಯಲ್ಲಿ ಯಾವಾಗಲೂ ನವೆ. ಹದಿನಾಲ್ಕರಲ್ಲಿ ನಾಲ್ಕೈದು ಮುಖ ಅವಳ ಹಾಗೆಯೇ ಸುಣ್ಣ.

ರಿಜಿಸ್ಟರಿನಲ್ಲಿ ಕೊಕ್ಕೆಹುಳಕ್ಕೆ ಒಂದು ಕಾಲಂ ಇದೆ. ನಾನೇ ಗೆರೆ ಎಳೆಯುವುದು. ಹಸಿರು ಕಾಗದ ಬಂದು ಎರಡು ವರ್ಷ. ಎರಡು ವರ್ಷದಿಂದ ಆ ಕಾಲಂ ಖಾಲಿ. ಒಂದೂ ಇಲ್ಲ? ಇಷ್ಟು ಜನ ಬರಿಗಾಲಲ್ಲಿದ್ದೂ?

ಮಾರ್ಚ್ 10, ಸೋಮವಾರ. ಮಧ್ಯಾಹ್ನ 3.15

ಕ್ರಮವಾಗಿ ಬರೆಯುತ್ತೇನೆ.

ಅಕ್ಕನಿಗೆ ಇನ್ನೊಂದು ಡಬ್ಬಿ ಕೊಟ್ಟಿದ್ದೆ, ಯಾರನ್ನೂ ಕೇಳದೆ. ಬೆಳಿಗ್ಗೆ ಮೊದಲ ಸ್ಲೈಡು ಅವಳದೇ. 9.40ಕ್ಕೆ ಒತ್ತಿದೆ. ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಅನುಮಾನ. ಸಾರ್ ಸ್ಟೋರಿಗೆ ಹೋಗಿದ್ದರು. ಮೈಕ್ರೋಸ್ಕೋಪ್ ಮುಟ್ಟಬಾರದು ಅಂತ ನನಗೆ ಆರ್ಡರ್ ಇದೆ. ನಾಲ್ಕು ವರ್ಷದ ಹಿಂದೆ ಲೆನ್ಸ್ ತೀರಾ ಕೆಳಗಿಳಿಸಿ ಗಾಜು ಒಡೆದಿದ್ದೆ. ಆದರೂ ಹತ್ತು ಗಂಟೆಗೆ ಇಟ್ಟು ನೋಡಿದೆ.

ಮಸುಕು. ಆದರೆ ಮೊಟ್ಟೆ ಇತ್ತು! ತೆಳು ಸಿಪ್ಪೆ. ಉದ್ದುರುಟು. ಒಳಗೆ ನಾಲ್ಕು ಗುಂಡು, ಸುತ್ತ ನೀರಿನಂಥ ಜಾಗ. ಗೋಡೆಯ ಚಿತ್ರ ನೋಡಿದೆ, ಗಾಜು ನೋಡಿದೆ, ಚಿತ್ರ ನೋಡಿದೆ. ಅದೇ. ಎಣಿಸಿದೆ, ಹನ್ನೊಂದು. ಸಾರ್ ಚಪ್ಪಲಿ ಸದ್ದಾಯಿತು, ತೆಗೆದಿಟ್ಟೆ.

ಎರಡೂವರೆಗೆ ಸಾರ್ ನೋಡಿದರು. "ನಿನ್ನ ಅಕ್ಕಂದಾ ಮತ್ತೆ? ಏನೂ ಇಲ್ಲ ಕಣೋ. ಕನ್ನಡಿ ಥರ ಇದೆ."

ಅವರು ಟೀಗೆ ಹೋದಾಗ ಮತ್ತೆ ನೋಡಿದೆ. ಈ ತುದಿಯಿಂದ ಆ ತುದಿ. ಕನ್ನಡಿ. ಒಂದೂ ಇಲ್ಲ.

ಸ್ಲೈಡು ಬದಲಾಯಿತೇ? ಮುಚ್ಚಳ, ಡಬ್ಬಿ, ಗಾಜು... ಮೂರೂ ಸರಿ. ಹಾಗಾದರೆ ಕಣ್ಣು? ತಲೆ? ಅಕ್ಕನಿಗೆ ಹುಳವೇ ಇರಲಿ, ಕ್ಯಾನ್ಸರ್ ಇರದಿರಲಿ ಅಂತ ಹಂಬಲಿಸಿ ಇಲ್ಲದ್ದನ್ನು ಕಂಡೆನೇ?

ಮಾರ್ಚ್ 12, ಬುಧವಾರ. ಮಧ್ಯಾಹ್ನ 12.20

ಸಾರ್ ರಜೆ. ಅವರಿಲ್ಲದ ದಿನ ಅಕ್ಕನ ಇನ್ನೊಂದು ಡಬ್ಬಿ. (ಅವಳು ಬೈದಳು — "ಇದೇನೋ ನಿನ್ನದು, ದಿನಾ ಪ್ರಸಾದ ಕೇಳಿದ ಹಾಗೆ ಕೇಳ್ತೀಯ!")

ಗಡಿಯಾರ ಎದುರಿಗಿಟ್ಟುಕೊಂಡು ನೋಡಿದೆ. ಒತ್ತಿದ್ದು 9.40.

10.00 — ಹನ್ನೆರಡು.
10.20 — ಹನ್ನೆರಡು. ಈಗ ಸ್ಪಷ್ಟ.
10.45 — ಏಳು. ಸಿಪ್ಪೆ ಮಾಸುತ್ತಿದೆ.
11.15 — ಎರಡು. ಒಂದು ಹೌದೋ ಅಲ್ಲವೋ.
12.00 — ಇಲ್ಲ.

ಪಕ್ಕದ ಸ್ಲೈಡು ಬೇರೆಯವರದು, ಅದರಲ್ಲಿ ಜಂತುಹುಳದ ಮೊಟ್ಟೆ. ದಪ್ಪ ಸಿಪ್ಪೆ. ಅದು 10ಕ್ಕೂ ಇತ್ತು, 12ಕ್ಕೂ ಇದೆ, ಕಲ್ಲಿನ ಹಾಗೆ.

ಹಾಗಾದರೆ ಹಸಿರು ಕಾಗದದ ಔಷಧಿ ಎಲ್ಲವನ್ನೂ ತಿಳಿಯಾಗಿಸುತ್ತಾ ಹೋಗುತ್ತದೆ. ತೆಳು ಸಿಪ್ಪೆಯದನ್ನೂ ತಿಳಿಯಾಗಿಸಿಬಿಡುತ್ತದೆ. ಕಾಣದಷ್ಟು. ನಾವು ಕಾದು ಕಾದು, ಹುಡುಕುತ್ತಿದ್ದುದನ್ನೇ ಕರಗಿಸುತ್ತಿದ್ದೆವು.

ಎರಡು ಸಲ ಓದಿಕೊಂಡೆ. ಹೆದರಿಕೆ ಬರಲಿಲ್ಲ. ವಿಚಿತ್ರ. ನನ್ನ ಕಣ್ಣು ಸರಿ ಇದೆ. ಅಕ್ಕನ ಮೂಳೆಗೆ ಸೂಜಿ ಬೇಕಿಲ್ಲ. ಕಂಡಿದ್ದೇನೆ, ಎಣಿಸಿದ್ದೇನೆ, ಟೈಮು ಬರೆದಿದ್ದೇನೆ.

ಇನ್ನು ಸಾರಿಗೆ ಹೇಳಬೇಕು. ಈಗ ಬಂತು ಹೆದರಿಕೆ.

ಮಾರ್ಚ್ 13, ಗುರುವಾರ. ಸಂಜೆ

ಹೇಳಿದೆ. ಈ ಪುಸ್ತಕದ ಹಾಳೆಯನ್ನೇ ಬಿಡಿಸಿ ಮುಂದಿಟ್ಟೆ.

"ಮೈಕ್ರೋಸ್ಕೋಪ್ ಮುಟ್ಟಿದ್ಯಾ?"

"ಮುಟ್ಟಿದೆ ಸಾರ್."

"ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ ನಾನು. ಏಳನೇ ಕ್ಲಾಸು ಓದಿ ನನಗೇ ಪಾಠ ಹೇಳೋಕೆ ಬಂದ್ಯಾ?"

"ನಾನಲ್ಲ ಸಾರ್. ಗಡಿಯಾರ ಹೇಳ್ತಿದೆ."

ಎಲ್ಲಿಂದ ಬಂತೋ ಆ ಮಾತು! ಸಾರ್ ಮುಖ ಕೆಂಪೇರಿತು. ಮೈಕ್ರೋಸ್ಕೋಪಿನ ಕಣ್ಣಿನ ಕೊಳವೆ ಬಿಚ್ಚಿ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಬೀಗದ ಕೈ ಜೇಬಿಗೆ. ಸಂಜೆವರೆಗೆ "ಪುಕ್ಕಲಪ್ಪ" ಅಂತಲೂ ಕರೆಯಲಿಲ್ಲ. ಅದು ಬೈಗುಳಕ್ಕಿಂತ ಭಾರ.

ಅಕ್ಕನ ರಕ್ತ ಇವತ್ತು 5.4. ಹದಿನೇಳಕ್ಕೆ ಇನ್ನು ನಾಲ್ಕು ದಿನ.

"ಸೂಜಿ ಹಾಕಿದ್ರೆ ಹಾಕ್ಲಿ ಬಿಡೋ," ಅಂದಳು. "ನೀನು ಯಾಕೆ ಕೆಂಡದ ಮೇಲೆ ಕೂತ ಹಾಗೆ ಆಡ್ತೀಯ?" ಅವಳ ಧ್ವನಿ ಗಟ್ಟಿಯಾಗಿತ್ತು. ಸೆರಗಿನ ತುದಿ ಮಾತ್ರ ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 1.00

ಬೆಳಿಗ್ಗೆ ಯಾರ ಮುಖವನ್ನೂ ನೋಡದೆ ಸ್ಲೈಡು ಒತ್ತುತ್ತಿದ್ದೆ. ಅಕ್ಕನದು ಮೊದಲನೆಯದು. 10.05ಕ್ಕೆ ಸಾರ್ ರಕ್ತದ ಟ್ಯೂಬು ಅರ್ಧಕ್ಕೇ ಬಿಟ್ಟು ಎದ್ದರು. ಡ್ರಾಯರ್ ತೆರೆದರು. ಕೊಳವೆ ಕೂರಿಸಿದರು.

"ಯಾವುದಯ್ಯಾ ಅದು?"

ಕೊಟ್ಟೆ. ನೋಡಿದರು. ತುಂಬಾ ಹೊತ್ತು. ಹೊರಗೆ ಯಾರೋ ರಿಪೋರ್ಟ್ ಕೇಳಿದರು. ಸಾರ್ ತಲೆ ಎತ್ತದೆ ಕೈ ಬೀಸಿದರು. 10.40ಕ್ಕೆ ಮತ್ತೆ ನೋಡಿದರು. 11.15ಕ್ಕೆ ಮತ್ತೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಟ್ರೈನಿಂಗಲ್ಲಿ ಹೇಳಿದ್ರು ಕಣೋ. ಕೊನೇಲಿ ಏನೋ ಹೇಳ್ತಿದ್ರು, ಅರ್ಧ ಗಂಟೆ, ಒಂದು ಗಂಟೆ ಅಂತ. ಊಟದ ಹೊತ್ತಾಗಿತ್ತು. ನಾನು ಎದ್ದುಬಂದೆ." ಆಮೇಲೆ — "ಹಳೇ ಪದ್ಧತೀಲಿ ಹೀಗೆ ಕರಗ್ತಿರಲಿಲ್ಲ. ತಿಳಿಯಾದಷ್ಟೂ ಒಳ್ಳೇದು ಅಂತಲೇ ತಿಳ್ಕೊಂಡೆ."

ಕಪಾಟಿನಿಂದ ಮಾತ್ರೆಯ ಹಾಳೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಧ್ವನಿ ಇಳಿಸಿದರು. "ನಿನ್ನ ಅಕ್ಕನಿಗೆ ಕೊಟ್ಬಿಡು. ಹುಳ ಹೋಗುತ್ತೆ. ದೊಡ್ಡಾಸ್ಪತ್ರೆಗೆ ಹೋಗ್ಬೇಡಿ, ಏನಾದ್ರೂ ನೆಪ ಹೇಳಿ. ನಾಳೆಯಿಂದ ನಾನು ಬೆಳಿಗ್ಗೇನೇ ನೋಡ್ತೀನಿ. ಬರೆಯೋದು ಬೇಡ. ಎರಡು ವರ್ಷದ ರಿಪೋರ್ಟು ಕಣೋ... ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ಮುಷ್ಟಿ ಮುಚ್ಚಿದೆ. ಬಾಗಿಲವರೆಗೆ ಹೋದೆ. ಅಕ್ಕ ಉಳಿದಳು, ಅಷ್ಟೇ ಸಾಕು ಅಂದುಕೊಂಡೆ. ಸುಳ್ಳು ಬರೆಯುವುದಿಲ್ಲ. ಆ ಏಳೆಂಟು ಹೆಜ್ಜೆ ಅಷ್ಟೇ ಸಾಕು ಅನ್ನಿಸಿತು.

ಆದರೆ ನನ್ನ ಹುಟ್ಟುಗುಣ ಬಿಡಬೇಕಲ್ಲ. ಆ ನಗುವ ಹೆಂಗಸಿಗೆ ಇದ್ದರೆ? ಅವಳಿಗೂ ಒಂದು ದಿನ ಮಜ್ಜೆ ತೆಗೆಯಲು ಬರೆದರೆ? ಅವಳ ತಮ್ಮ ಲ್ಯಾಬಿನಲ್ಲಿಲ್ಲ. ದಿಬ್ಬದ ಮಣ್ಣು ಹೊಂಡಕ್ಕೆ ಬೀಳುತ್ತಲೇ ಇದ್ದರೆ ಅಕ್ಕನಿಗೇ ಮತ್ತೆ ಹತ್ತದೆ ಇರುತ್ತದೆಯೇ?

ವಾಪಸ್ ಬಂದು ಮಾತ್ರೆ ಮೇಜಿನ ಮೇಲಿಟ್ಟೆ.

"ಬರೀರಿ ಸಾರ್."

"ನಿನಗೆ ಹುಚ್ಚಾ?"

"ಅಲ್ಲಿ ಹದಿನಾಲ್ಕು ಜನ ಇದ್ದಾರೆ ಸಾರ್. ಎರಡು ವರ್ಷ ಸ್ಲೈಡು ಮಾಡಿದವನು ನಾನು. ಟ್ರೇಯಲ್ಲಿ ಮಧ್ಯಾಹ್ನದವರೆಗೆ ಇಟ್ಟವನೂ ನಾನೇ. ಕೇಳಿದ್ರೆ ಇಬ್ಬರ ಹೆಸರೂ ಹೇಳಿ."

ಸಾರ್ ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ನಾನು ಅವರ ಕಣ್ಣಿಂದ ಕಣ್ಣು ತೆಗೆಯದೆ ನಿಂತದ್ದು ಮೊದಲ ಸಲ.

ರಿಜಿಸ್ಟರ್ ಎಳೆದುಕೊಂಡರು. ಖಾಲಿ ಕಾಲಂನಲ್ಲಿ ಬರೆದರು. ಪಕ್ಕದಲ್ಲಿ ಟೈಮು ಹಾಕಿದರು. ನಾನು ಡಾಕ್ಟರಮ್ಮನ ರೂಮಿನ ಕಡೆ ತಿರುಗಿದೆ. ಕಾಲರ್ ಹಿಡಿದು ನಿಲ್ಲಿಸಿದರು.

"ನೀನು ಬೇಡ, ನಾನೇ ಹೇಳ್ತೀನಿ. ನೀನು ಹೇಳಿದ್ರೆ ಗಾಬರೀಲಿ ಆಸ್ಪತ್ರೆಯನ್ನೇ ಮುಚ್ಚಿಸ್ತೀಯ."

ಮಾರ್ಚ್ 15, ಶನಿವಾರ

ಡಾಕ್ಟರಮ್ಮ ತಾವೇ ಲ್ಯಾಬಿಗೆ ಬಂದರು. ಹೊಸ ಸ್ಲೈಡು ಒತ್ತಿಸಿ, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು ಕಾದು, ತಾವೇ ನೋಡಿದರು. ಬೈಯುತ್ತಾರೆ ಅಂತ ಗೋಡೆಗೆ ಅಂಟಿಕೊಂಡು ನಿಂತಿದ್ದೆ.

"ರಿಪೋರ್ಟ್ ನಂಬಿ ನಾನೂ ಕೂತುಬಿಟ್ಟೆ. ಅವಳ ಕಾಲು ನೋಡಿದ್ರೆ ಗೊತ್ತಾಗಬೇಕಿತ್ತು." ಆಮೇಲೆ ಸಾರ್ ಕಡೆ ತಿರುಗಿ — "ಮೆಮೊ ಬರುತ್ತೆ. ನನಗೂ ಬರುತ್ತೆ. ಬರಲಿ. ಹಳೇ ಹೆಸರುಗಳ ಪಟ್ಟಿ ತೆಗೀರಿ, ಎಲ್ಲರದ್ದೂ ಮತ್ತೆ ನೋಡ್ಬೇಕು."

ಅಕ್ಕನಿಗೆ ಹುಳದ ಮಾತ್ರೆ, ಒಂದು ಬಾಟಲಿ ರಕ್ತ, ಕಬ್ಬಿಣದ ಮಾತ್ರೆ ಮುಂದುವರಿಕೆ. ಹದಿನೇಳರ ಚೀಟಿ ರದ್ದಲ್ಲ, ಮುಂದಕ್ಕೆ. ಮೂರು ವಾರದಲ್ಲಿ ರಕ್ತ ಏರದಿದ್ದರೆ ಹೋಗಲೇಬೇಕು ಅಂದರು.

ಮೂರು ವಾರ... ಏರುತ್ತದೆ. ಏರಲೇಬೇಕು. ಆದರೂ...

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 11.30

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಕೆಟ್ಟುಹೋದೀತು ಅಂತ.

8.3.

ಸಾರ್ ಮಷೀನಿನ ಚೀಟಿ ಹರಿದು, ಓದಿ, ನನ್ನ ಜೇಬಿಗೆ ತುರುಕಿದರು. ಮೆಮೊ ಬಂದು ಎರಡು ವಾರವಾಯಿತು, ಅವರಿಗೂ ನನಗೂ. ಅವರು ಉತ್ತರ ಬರೆದರು, ನಾನು ಸಹಿ ಹಾಕಿದೆ. ಸಂಬಳ ಏರುವುದು ಒಂದು ವರ್ಷ ನಿಂತಿತು, ಕೆಲಸ ನಿಲ್ಲಲಿಲ್ಲ. "ಪುಕ್ಕಲಪ್ಪ" ಮತ್ತೆ ಶುರುವಾಗಿದೆ. ಕೇಳಿ ಜೀವ ತಣ್ಣಗಾಯಿತು.

ದೊಡ್ಡಾಸ್ಪತ್ರೆಯ ಚೀಟಿಯನ್ನು ಡಾಕ್ಟರಮ್ಮ ಅಡ್ಡ ಗೆರೆ ಎಳೆದು ವಾಪಸ್ ಕೊಟ್ಟರು. ಅಕ್ಕ ಅದನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದಳು. ಆಮೇಲೆ ಹೊರಗೆ ಹೋಗಿ ಅತ್ತಳು. ಇಷ್ಟು ದಿನ ಅಳದವಳು ಈಗ ಯಾಕೆ ಅಂತ ಕೇಳಲಿಲ್ಲ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 10.35. ಹೆಂಚಿನ ಕಾರ್ಖಾನೆಯ ಶೆಡ್ಡು

ಡಬ್ಬಿಗಳನ್ನು ಲ್ಯಾಬಿಗೆ ಸಾಗಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ. ಅದಕ್ಕೆ ಲ್ಯಾಬನ್ನೇ ಇಲ್ಲಿಗೆ ತಂದೆವು. ಹಲಗೆ ಮೇಲೆ ಎರಡು ಮೈಕ್ರೋಸ್ಕೋಪು. ಒಂದು ಸಾರಿಗೆ. ಇನ್ನೊಂದು ನನಗೆ! ಡಾಕ್ಟರಮ್ಮನ ಆರ್ಡರು. ನಾನು ನೋಡಿದ್ದನ್ನು ಸಾರ್ ಇನ್ನೊಮ್ಮೆ ನೋಡುತ್ತಾರೆ. ಲೆನ್ಸ್ ಇಳಿಸುವಾಗ ಹತ್ತು ಸಲ ಬಗ್ಗಿ ನೋಡುತ್ತಿದ್ದೇನೆ. ಒಡೆದಿಲ್ಲ.

ದಿಬ್ಬಕ್ಕೆ ಬೇಲಿ ಹಾಕಿದ್ದಾರೆ. ಮಣ್ಣು ಬೇರೆ ಕಡೆಯಿಂದ ಬರುತ್ತಿದೆ. ಹೊಸ ಪಾಯಿಖಾನೆಗೆ ಹೊಂಡದ ಪಕ್ಕದಲ್ಲೇ ಗೋಡೆ ಎದ್ದಿದೆ, ಬಾಗಿಲು ಇನ್ನೂ ಇಲ್ಲ. ಬಾಗಿಲು ಯಾವಾಗ ಅಂತ ಬೆಳಿಗ್ಗೆಯಿಂದ ಮೇಸ್ತ್ರಿಯನ್ನು ನಾಲ್ಕು ಸಲ ಕೇಳಿದೆ. ಐದನೇ ಸಲ ನನ್ನ ಕಂಡೊಡನೆ ಆತ ಹೆಂಚು ಸುಡುವ ಗೂಡಿನ ಹಿಂದೆ ಹೋದ.

ಹೆಂಗಸರು ಡಬ್ಬಿ ಸೆರಗಲ್ಲಿ ಮುಚ್ಚಿಕೊಂಡು ನಾಚುತ್ತಿದ್ದರು. ಅಕ್ಕ ಎಲ್ಲರ ಕೈಯಿಂದ ಇಸಿದುಕೊಂಡು ತಂದು ಸಾಲಾಗಿ ಇಟ್ಟಳು. "ಕೊಡ್ರೇ, ಏನು ಬಂಗಾರ ಬಚ್ಚಿಟ್ಟ ಹಾಗೆ! ನನ್ನ ತಮ್ಮ ಹುಟ್ಟಿದ್ದೇ ಇದಕ್ಕೆ." ಎಲ್ಲರೂ ನಕ್ಕರು. ಸಾರ್ ಎಲ್ಲರಿಗಿಂತ ಜೋರಾಗಿ.

ಇಲ್ಲಿವರೆಗೆ ಆರು ಸ್ಲೈಡು, ನಾಲ್ಕರಲ್ಲಿ ಕೊಕ್ಕೆಹುಳು. ನಾಲ್ಕು! ಸಾರ್ ಎರಡು ಸಲ ನೋಡಿ ಹೌದೆಂದರು.

ಏಳನೆಯದು ಆ ನಗುವ ಹೆಂಗಸಿನದು. ಎದುರಿಗೇ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಇವತ್ತು ನಗುತ್ತಿಲ್ಲ. ಒತ್ತಿ ಐವತ್ತು ನಿಮಿಷ. ಇನ್ನು ತಡ ಮಾಡುವ ಹಾಗಿಲ್ಲ. ರಿಜಿಸ್ಟರ್ ಸಾರ್ ಹತ್ತಿರ ಇದೆ, ಇಲ್ಲೇ ಎಣಿಸಿಕೊಳ್ಳುತ್ತೇನೆ. ಎಡಗಡೆಯಿಂದ — ಒಂದು. ಎರಡು, ಮೂರು ಒಟ್ಟಿಗೆ. ನಾಲ್ಕು... ಐದು. ಬಲ ಅಂಚಿನಲ್ಲಿ ಇನ್ನೊಂದು, ಸಿಪ್ಪೆ ಆಗಲೇ ಮಾಸುತ್ತಿದೆ, ಸಾರ್ ಬೇಗ ಬರಬೇಕು, ಪೆನ್ನು ಇಟ್ಟು ಕೂಗುತ್ತೇನೆ.